ಅಟೆನ್‌ಬರೊ: ಒಂದು ಅಪರೂಪದ ಇಂಗ್ಲಿಷ್ ಅಡ್ಡಹೆಸರಿನ ಹುಟ್ಟು, ಅರ್ಥ ಮತ್ತು ಇಂದಿನ ಪಾಡು

2021ರ ಮಾರ್ಚ್‌ನಲ್ಲಿ 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ, ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದ ನಿರೂಪಣೆಗಾಗಿ ಡೇವಿಡ್ ಅಟೆನ್‌ಬರೊ ಅವರಿಗೆ ಪ್ರಶಸ್ತಿ ಸಂದಿತು. ಅದಕ್ಕೂ ಬಹಳ ಮೊದಲೇ, 1982ರಲ್ಲಿ, ಅವರ ಅಣ್ಣ ರಿಚರ್ಡ್ ಅಟೆನ್‌ಬರೊ ನಿರ್ದೇಶಿಸಿದ ‘ಗಾಂಧಿ’ ಚಿತ್ರ ತೆರೆಕಂಡು ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತ್ತು. ಹೀಗಾಗಿ ಕನ್ನಡದ ಓದುಗರಿಗೆ ಈ ಅಡ್ಡಹೆಸರು ಹೊಸದಲ್ಲ. ಕೇಳಿದ ಕೂಡಲೇ ಕಾಡು, ಕಡಲು, ಹಕ್ಕಿಗಳ ನಡುವೆ ನಿಂತು ಮೆಲುದನಿಯಲ್ಲಿ ಮಾತನಾಡುವ ಒಬ್ಬ ಹಿರಿಯರು ಕಣ್ಣ ಮುಂದೆ ಬರುತ್ತಾರೆ. ಆದರೆ ಹೆಸರಿಗೆ ಇರುವ ಖ್ಯಾತಿ ಬೇರೆ, ಆ ಹೆಸರನ್ನು ಹೊತ್ತವರ ಸಂಖ್ಯೆ ಬೇರೆ. ಬ್ರಿಟನ್ನಿನಲ್ಲಿ ಸ್ಮಿತ್ ಎಂಬ ಅಡ್ಡಹೆಸರಿನವರು ಐದು ಲಕ್ಷಕ್ಕೂ ಹೆಚ್ಚಿದ್ದಾರೆ. ಅಟೆನ್‌ಬರೊ ಅದರ ಎದುರು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಮಧ್ಯ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಅದಕ್ಕೆ ತಾಗಿಕೊಂಡ ಡಾರ್ಬಿಶೈರ್‌ನ ಅಂಚಿನಲ್ಲಿ ಬೇರೂರಿ, ಅಲ್ಲಿಂದ ಲಂಡನ್ನಿಗೂ ಸಾಗರದಾಚೆಗೂ ತೆಳುವಾಗಿ ಹರಡಿದ ಹೆಸರು ಅದು.

ಇಂಥ ಅಪರೂಪದ ಹೆಸರುಗಳ ಮೂಲವನ್ನು ಹುಡುಕುವುದು ಈಗ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಹಳೆಯ ಜನಗಣತಿಗಳು ಮತ್ತು ಚರ್ಚಿನ ದಾಖಲೆಗಳು ಅಂತರ್ಜಾಲಕ್ಕೆ ಬಂದಿವೆ. ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ಡಿಎನ್‌ಎ ವರದಿ ಕೊಡುವ ಕಂಪನಿಗಳಿವೆ. ‘ನಿಮ್ಮ ಮನೆತನದ ಲಾಂಛನ’ ಎಂದು ಗುರಾಣಿಯ ಚಿತ್ರವನ್ನು ಲೋಟದ ಮೇಲೆ ಅಚ್ಚುಹಾಕಿ ಮಾರುವವರೂ ಇದ್ದಾರೆ. ಈ ಕೊನೆಯ ಬಗೆಯ ಸರಕಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ ಲಾಂಛನಗಳ ಮೇಲೆ ಅಧಿಕಾರವಿರುವ, 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್ ಸಂಸ್ಥೆಯ ನಿಲುವಿನ ಪ್ರಕಾರ ಲಾಂಛನವನ್ನು ಕೊಡುವುದು ವ್ಯಕ್ತಿಗೆ, ಅದು ಇಳಿದುಬರುವುದು ಅವನ ನೇರ ವಂಶಕ್ಕೆ. ಒಂದು ಅಡ್ಡಹೆಸರಿಗೆ ಸೇರಿದ ಲಾಂಛನ ಎಂಬುದೇ ಇಲ್ಲ. ಲಾಂಛನವನ್ನು ಬದಿಗಿಟ್ಟು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಅಪರೂಪದ ಹೆಸರು ಅಪರೂಪವಾಗಿ ಉಳಿದದ್ದು ಹೇಗೆ, ಅದರಿಂದ ನಾವು ಏನನ್ನು ಖಚಿತವಾಗಿ ತಿಳಿಯಬಹುದು, ಮತ್ತು ಹಾಗೆ ತಿಳಿಯಬಹುದಾದ್ದರಿಂದಲೇ ಅದನ್ನು ಹೊತ್ತವರಿಗೆ ಒದಗುವ ಆತಂಕವೇನು?

ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯವಾದ ಅಡ್ಡಹೆಸರು ಬಹಳ ಪುರಾತನವಾದ ಪದ್ಧತಿಯಲ್ಲ. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ಮೇಲೆ ಭೂಮಾಲೀಕ ಕುಟುಂಬಗಳು ತಮ್ಮ ಜಮೀನಿನ ಹೆಸರನ್ನು ತಂದೆಯಿಂದ ಮಗನಿಗೆ ಇಳಿಸತೊಡಗಿದವು. ಸಾಮಾನ್ಯ ರೈತರು ಮತ್ತು ಕಸುಬುದಾರರಲ್ಲಿ ಈ ರೂಢಿ ನೆಲೆಗೊಂಡದ್ದು ಹೆಚ್ಚಾಗಿ 13 ಮತ್ತು 14ನೇ ಶತಮಾನಗಳಲ್ಲಿ, ಉತ್ತರದ ಕೌಂಟಿಗಳಲ್ಲಿ ಇನ್ನೂ ತಡವಾಗಿ. ಜಾನ್, ವಿಲಿಯಂ, ರಿಚರ್ಡ್ ಮುಂತಾದ ನಾಲ್ಕಾರು ಹೆಸರುಗಳನ್ನೇ ಊರಿನ ಅರ್ಧದಷ್ಟು ಗಂಡಸರಿಗೆ ಇಡುತ್ತಿದ್ದ ಕಾಲದಲ್ಲಿ, ಯಾವ ಜಾನ್ ಎಂದು ಗುರುತಿಸಲು ಕಸುಬು, ತಂದೆಯ ಹೆಸರು, ಊರು ಅಥವಾ ದೇಹದ ಯಾವುದಾದರೊಂದು ಲಕ್ಷಣವನ್ನು ಸೇರಿಸಬೇಕಾಗುತ್ತಿತ್ತು. 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳನ್ನು ಬರೆದ ಗುಮಾಸ್ತರಿಗೂ ಅದು ಬೇಕಿತ್ತು, ಜಮೀನಿನ ವಾರಸುದಾರಿಕೆಯನ್ನು ತೀರ್ಮಾನಿಸುತ್ತಿದ್ದ ನ್ಯಾಯಸ್ಥಾನಗಳಿಗೂ ಬೇಕಿತ್ತು. 1538ರಿಂದ ಪ್ರತಿ ಪ್ಯಾರಿಷ್‌ನಲ್ಲಿ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯಲ್ಲಿ, ಜ್ಞಾನಸ್ನಾನ, ಮದುವೆ ಮತ್ತು ಸಮಾಧಿಗಳ ದಾಖಲೆ ಇಡಬೇಕೆಂಬ ಆಜ್ಞೆ ಬಂದ ಮೇಲೆ, ಬಾಯಲ್ಲಿ ಓಡಾಡುತ್ತಿದ್ದ ಹೆಸರುಗಳು ಕಾಗದದ ಮೇಲೆ ನಿಂತುಬಿಟ್ಟವು.

ಹಾಗೆ ನಿಂತ ಹೆಸರುಗಳಲ್ಲಿ ಕಸುಬಿನವು ಸಹಜವಾಗಿಯೇ ಹೇರಳ. ಪ್ರತಿ ಹಳ್ಳಿಯಲ್ಲೂ ಒಬ್ಬ ಕಮ್ಮಾರನಿದ್ದ, ಆದ್ದರಿಂದ ಸ್ಮಿತ್ ಎಂಬ ಹೆಸರು ಸಾವಿರಾರು ಕಡೆ ಬೇರೆಬೇರೆಯಾಗಿ ಹುಟ್ಟಿತು. ಒಂದು ಸಣ್ಣ ಊರಿನಿಂದ ಬಂದ ಹೆಸರಿನ ಕಥೆ ಹಾಗಲ್ಲ. ಆ ಹೆಸರಿನ ಊರು ಒಂದೇ ಇದ್ದರೆ, ಅದು ಹುಟ್ಟಲು ಸಾಧ್ಯವಿದ್ದ ಜಾಗವೂ ಒಂದೇ.

ಅಟೆನ್‌ಬರೊ ಎಂಬ ಊರು ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಬೀಸ್ಟನ್‌ನ ಪಕ್ಕದಲ್ಲಿ, ಟ್ರೆಂಟ್ ನದಿಯ ದಂಡೆಗೆ ಹತ್ತಿರವಾಗಿದೆ. ಊರಿನ ನಡುವೆ ಸಂತ ಮೇರಿಯ ಹಳೆಯ ಚರ್ಚು. ಅದರ ಪಕ್ಕದ ಮನೆಯಲ್ಲಿ 1611ರಲ್ಲಿ ಹುಟ್ಟಿದ ಹೆನ್ರಿ ಐರ್ಟನ್, ಮುಂದೆ ದೊರೆಯ ವಿರುದ್ಧ ಬಂಡೆದ್ದ ಆಲಿವರ್ ಕ್ರಾಮ್‌ವೆಲ್‌ನ ಅಳಿಯನಾಗಿ, ಒಂದನೇ ಚಾರ್ಲ್ಸ್ ದೊರೆಯ ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದ. ನದಿಯ ಬಯಲಿನಲ್ಲಿ 20ನೇ ಶತಮಾನದಲ್ಲಿ ಜಲ್ಲಿ ತೆಗೆದ ಹೊಂಡಗಳು ನೀರು ತುಂಬಿ ಕೆರೆಗಳಾಗಿ, ಹಕ್ಕಿಗಳ ಬೀಡಾದವು. 1966ರಲ್ಲಿ ಅದು ನಿಸರ್ಗಧಾಮವಾದಾಗ ಉದ್ಘಾಟನೆಗೆ ಬಂದವರು ಡೇವಿಡ್ ಅಟೆನ್‌ಬರೊ ಅವರೇ. ಊರಿನ ಹೆಸರನ್ನು ಹೊತ್ತ ಮನುಷ್ಯ ಆ ಊರಿನ ಕೆರೆಗಳನ್ನು ಉದ್ಘಾಟಿಸಿದ್ದು ಕೇಳಲು ಹಿತವಾದ ಸಂಗತಿ. ಆದರೆ ಹೆಸರಿನ ಹುಟ್ಟಿಗೆ ಅದು ಸಾಕ್ಷ್ಯವಲ್ಲ. ಸಾಕ್ಷ್ಯವನ್ನು ಬೇರೆ ಕಡೆ ಹುಡುಕಬೇಕು.

ಊರಿನ ಹೆಸರಿನ ಉತ್ತರಾರ್ಧದ ವಿಷಯದಲ್ಲಿ ತಕರಾರಿಲ್ಲ. ಹಳೆಯ ಇಂಗ್ಲಿಷಿನ ‘ಬುರ್ಹ್’ ಎಂದರೆ ಕೋಟೆ ಅಥವಾ ಭದ್ರಪಡಿಸಿದ ನೆಲೆ. ಪೀಟರ್‌ಬರೊ ಮೊದಲಾದ ನೂರಾರು ಊರುಗಳ ತುದಿಯಲ್ಲಿ ಅದೇ ಪದವಿದೆ. ಪೂರ್ವಾರ್ಧದಲ್ಲಿ ಅದ್ದ ಅಥವಾ ಅದಕ್ಕೆ ಹತ್ತಿರದ ಒಬ್ಬ ಆಂಗ್ಲೋ-ಸ್ಯಾಕ್ಸನ್ ವ್ಯಕ್ತಿಯ ಹೆಸರು ಅಡಗಿದೆಯೆಂಬುದು ಸ್ಥಳನಾಮ ತಜ್ಞರ ವಿವರಣೆ. ಅಂದರೆ ಅಟೆನ್‌ಬರೊ ಎಂದರೆ ಅದ್ದನ ಕೋಟೆ. ಅಡ್ಡಹೆಸರಿಗೆ ಮಾತ್ರ ಇನ್ನೊಂದು ವಿವರಣೆಯೂ ಚಾಲ್ತಿಯಲ್ಲಿದೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಅಟ್ಟೆನ್’ ಎಂದರೆ ‘ಇಂಥದರ ಬಳಿ’ ಎಂಬ ಅರ್ಥ. ಓಕ್ ಮರಗಳ ಬಳಿ ಇದ್ದವನು ‘ಅಟ್ಟೆನ್ ಓಕ್ಸ್’. ಕೊನೆಯ ನಕಾರ ಮುಂದಿನ ಪದಕ್ಕೆ ಅಂಟಿಕೊಂಡು ಅದು ನೋಕ್ಸ್ ಎಂಬ ಅಡ್ಡಹೆಸರಾಯಿತು. ಆ್ಯಶ್ ಮರದ ಬಳಿಯವನು ಇದೇ ರೀತಿ ನ್ಯಾಶ್ ಆದ. ಈ ಲೆಕ್ಕದಲ್ಲಿ ಅಟೆನ್‌ಬರೊ ಎಂದರೆ ‘ಕೋಟೆಯ ಬಳಿಯವನು’ ಎಂದಷ್ಟೇ ಆಗುತ್ತದೆ, ಮತ್ತು ಅದಕ್ಕೆ ನಾಟಿಂಗ್‌ಹ್ಯಾಮ್‌ಶೈರ್‌ನ ಊರು ಬೇಕೇ ಆಗುವುದಿಲ್ಲ.

ಈ ಎರಡನೆಯ ವಿವರಣೆ ಮೇಲುನೋಟಕ್ಕೆ ಚೊಕ್ಕವಾಗಿ ಕಾಣುತ್ತದೆ. ನನಗೆ ಅದು ಒಪ್ಪಿಗೆಯಾಗದಿರಲು ಎರಡು ಕಾರಣಗಳಿವೆ. ಒಂದು ವ್ಯಾಕರಣದ್ದು: ‘ಬುರ್ಹ್’ ಹಳೆಯ ಇಂಗ್ಲಿಷಿನಲ್ಲಿ ಸ್ತ್ರೀಲಿಂಗದ ಪದ, ಅದರ ಹಿಂದೆ ನಿಯಮದಂತೆ ಬರಬೇಕಾದದ್ದು ‘ಅಟ್ಟೆರ್’, ‘ಅಟ್ಟೆನ್’ ಅಲ್ಲ. ಮಧ್ಯಕಾಲದಲ್ಲಿ ಲಿಂಗಭೇದ ಸಡಿಲವಾಗಿ ಎರಡೂ ಬೆರೆತದ್ದುಂಟು, ಆದ್ದರಿಂದ ಈ ವಾದ ಒಂದೇ ಸಾಲದು. ಇನ್ನೊಂದು ಕಾರಣ ಭೂಗೋಳದ್ದು, ಮತ್ತು ಅದೇ ಗಟ್ಟಿಯಾದದ್ದು. ಕೋಟೆಗಳೂ ಕೋಟೆಯ ಹೆಸರಿನ ಜಾಗಗಳೂ ಇಂಗ್ಲೆಂಡಿನ ತುಂಬ ಇದ್ದವು. ‘ಕೋಟೆಯ ಬಳಿಯವನು’ ಎಂಬುದೇ ಮೂಲವಾಗಿದ್ದರೆ ಕೆಂಟ್‌ನಿಂದ ಯಾರ್ಕ್‌ಶೈರ್‌ವರೆಗೆ ಈ ಹೆಸರು ಅಲ್ಲಲ್ಲಿ ಹುಟ್ಟಿರಬೇಕಿತ್ತು, ನ್ಯಾಶ್ ಮತ್ತು ನೋಕ್ಸ್ ಹಾಗೆಯೇ ಹಲವೆಡೆ ಹುಟ್ಟಿವೆ. ಅಟೆನ್‌ಬರೊ ಹಾಗೆ ಚದುರಿಲ್ಲ. ಇಂಗ್ಲೆಂಡಿನ ಅಡ್ಡಹೆಸರುಗಳ ಹರವನ್ನು ನೋಡಲು ಸಂಶೋಧಕರು ಹೆಚ್ಚಾಗಿ ನೆಚ್ಚುವುದು 1881ರ ಜನಗಣತಿಯನ್ನು. ರೈಲು ಬಂದು ಜನ ಓಡಾಡತೊಡಗಿದ್ದರೂ ಹಳೆಯ ನೆಲೆಗಳು ಆ ಹೊತ್ತಿಗೆ ಇನ್ನೂ ಅಳಿಸಿರಲಿಲ್ಲ. ಅಲ್ಲಿಯೂ ಈ ಹೆಸರಿನ ದಟ್ಟಣೆ ಊರಿನ ಸುತ್ತಲೇ ಇದೆ. ಅಡ್ಡಹೆಸರಿನ ಅರ್ಥವನ್ನು ಇಂದಿನ ಕಾಗುಣಿತದಿಂದ ಊಹಿಸುವ ಜಾಲತಾಣಗಳು ಎಡವುವುದು ಇಲ್ಲಿಯೇ. ಯಾವ ವರ್ಷ, ಯಾವ ಪ್ಯಾರಿಷ್, ಯಾವ ಕಾಗುಣಿತ ಎಂಬ ಮೂರನ್ನೂ ಜೊತೆಯಾಗಿಟ್ಟು ನೋಡಿದಾಗ ಮಾತ್ರ ಅರ್ಥ ಕೈಗೆ ಸಿಗುತ್ತದೆ. 2016ರಲ್ಲಿ ಆಕ್ಸ್‌ಫರ್ಡ್ ನಾಲ್ಕು ಸಂಪುಟಗಳಲ್ಲಿ ಹೊರತಂದ, 45 ಸಾವಿರಕ್ಕೂ ಹೆಚ್ಚು ಅಡ್ಡಹೆಸರುಗಳ ನಿಘಂಟಿಗೆ ಬ್ರಿಸ್ಟಲ್‌ನ ವಿದ್ವಾಂಸರ ತಂಡ ವರ್ಷಗಟ್ಟಲೆ ದುಡಿಯಬೇಕಾದದ್ದು ಈ ಕಾರಣದಿಂದ.

ಊರಿನಿಂದ ಬಂದ ಹೆಸರಿನ ಬಗ್ಗೆ ಇನ್ನೊಂದು ಮಾತನ್ನು ಮರೆಯಬಾರದು. ಅಟೆನ್‌ಬರೊ ಊರಿನಲ್ಲೇ ಉಳಿದವನನ್ನು ಯಾರೂ ಅಟೆನ್‌ಬರೊದವನು ಎಂದು ಕರೆಯುವುದಿಲ್ಲ, ಅಲ್ಲಿರುವವರೆಲ್ಲ ಅದೇ ಊರಿನವರು. ಊರು ಬಿಟ್ಟು ನಾಟಿಂಗ್‌ಹ್ಯಾಮ್ ಪೇಟೆಗೋ ಪಕ್ಕದ ಹಳ್ಳಿಗೋ ಹೋಗಿ ನೆಲೆಸಿದವನಿಗೆ ಮಾತ್ರ ಆ ಗುರುತು ಅಂಟುತ್ತದೆ. ಆದ್ದರಿಂದ ಊರಿನ ಅಡ್ಡಹೆಸರು ಎಂದರೆ ಬಹುಮಟ್ಟಿಗೆ ವಲಸೆಯ ದಾಖಲೆ, ಅದೂ ಹೆಚ್ಚಾಗಿ ಹತ್ತಿಪ್ಪತ್ತು ಮೈಲಿಯ ವಲಸೆಯದು. ಬ್ರಿಟನ್ನಿಗೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇದೇ ಪ್ರಕ್ರಿಯೆ ಈಗ ನಡೆಯುತ್ತಿದೆ. ಹಳೆ ಮೈಸೂರು ಭಾಗದಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರು ಕೆ.ವಿ. ಪುಟ್ಟಪ್ಪನವರಾದಂತೆ; ತಲೆಮಾರು ಬದಲಾದಾಗ ತಂದೆಯ ಇನಿಷಿಯಲ್ಲೂ ಬದಲಾಗುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಎದುರಾದಾಗ ಊರನ್ನೋ ತಂದೆಯ ಹೆಸರನ್ನೋ ಬಿಡಿಸಿ ತುಂಬಿದವರ ಮಕ್ಕಳಿಗೆ, ಲೀಡ್ಸ್‌ನಲ್ಲೋ ಲಂಡನ್ನಿನಲ್ಲೋ ಜನನ ನೋಂದಣಿಯಾಗುವಾಗ ಅದೇ ಖಾಯಂ ಅಡ್ಡಹೆಸರಾಗಿಬಿಡುತ್ತದೆ. ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ಅಡ್ಡಹೆಸರು ಮೊದಲೇ ಇರುವುದರಿಂದ ಈ ತೊಡಕು ಕಡಿಮೆ. 14ನೇ ಶತಮಾನದ ಕಂದಾಯ ಗುಮಾಸ್ತನ ಕೆಲಸವನ್ನು ಇಂದು ಅರ್ಜಿಯ ಖಾನೆ ಮಾಡುತ್ತಿದೆ.

ಮತ್ತೆ ನಾಟಿಂಗ್‌ಹ್ಯಾಮ್‌ಶೈರ್‌ಗೆ ಬರೋಣ. ರಿಚರ್ಡ್ ಮತ್ತು ಡೇವಿಡ್ ಅವರ ತಂದೆ ಫ್ರೆಡ್ರಿಕ್ ಅಟೆನ್‌ಬರೊ 1887ರಲ್ಲಿ ಹುಟ್ಟಿದ್ದು ಸ್ಟೇಪಲ್‌ಫರ್ಡ್‌ನಲ್ಲಿ. ಅಟೆನ್‌ಬರೊ ಊರಿನಿಂದ ಅಲ್ಲಿಗೆ ನಡೆದುಕೊಂಡೇ ಹೋಗಿಬರಬಹುದು. ಹೆಸರು ಹುಟ್ಟಿ ಐದಾರು ಶತಮಾನ ಕಳೆದ ಮೇಲೂ ಅದನ್ನು ಹೊತ್ತ ಒಂದು ಕವಲು ಮೂಲದ ಊರಿನಿಂದ ಕೆಲವೇ ಮೈಲಿ ದೂರದಲ್ಲಿತ್ತು. ಬ್ರೆಡ್ಡು ಸುಡುವ ಕಸುಬಿನವರ ಮಗನಾದ ಈ ಫ್ರೆಡ್ರಿಕ್, ಕೇಂಬ್ರಿಡ್ಜ್‌ನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಆಂಗ್ಲೋ-ಸ್ಯಾಕ್ಸನ್ ವಿದ್ವಾಂಸರಾಗಿ, ಇಂಗ್ಲೆಂಡಿನ ಅತ್ಯಂತ ಹಳೆಯ ದೊರೆಗಳ ಕಾನೂನುಗಳನ್ನು ಸಂಪಾದಿಸಿ ಅನುವಾದಿಸಿ 1922ರಲ್ಲಿ ಪ್ರಕಟಿಸಿದರು. ತಮ್ಮ ಹೆಸರಿನ ಕೊನೆಯಲ್ಲಿದ್ದ ‘ಬುರ್ಹ್’ ಅವರಿಗೆ ನಿತ್ಯದ ಪಠ್ಯದಲ್ಲೇ ಎದುರಾಗುತ್ತಿದ್ದ ಪದ. 1932ರಿಂದ 1951ರವರೆಗೆ ಅವರು ಲೆಸ್ಟರ್‌ನ ಯೂನಿವರ್ಸಿಟಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಮಕ್ಕಳು ಬೆಳೆದದ್ದು ಆ ಆವರಣದಲ್ಲಿ. 1957ರಲ್ಲಿ ವಿಶ್ವವಿದ್ಯಾಲಯವಾದ ಆ ಸಂಸ್ಥೆಯಲ್ಲಿಯೇ 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ತಂತ್ರವನ್ನು ಕಂಡುಹಿಡಿದರು, ಮತ್ತು ಅಲ್ಲಿಯೇ ಟೂರಿ ಕಿಂಗ್ ಹಾಗೂ ಮಾರ್ಕ್ ಜಾಬ್ಲಿಂಗ್ ಇಂಗ್ಲಿಷ್ ಅಡ್ಡಹೆಸರುಗಳ ಅನುವಂಶೀಯತೆಯನ್ನು ಅಧ್ಯಯನ ಮಾಡಿದರು. ಅವರು ಆರಿಸಿಕೊಂಡ ಹೆಸರುಗಳಲ್ಲಿ ಅಟೆನ್‌ಬರೊ ಕೂಡ ಒಂದು.

ಅಧ್ಯಯನದ ತರ್ಕ ಸರಳವಾದದ್ದು. ಗಂಡಸರಲ್ಲಿರುವ ವೈ ವರ್ಣತಂತು ತಂದೆಯಿಂದ ಮಗನಿಗೆ ಬಹುತೇಕ ಬದಲಾಗದೆ ಇಳಿಯುತ್ತದೆ. ಇಂಗ್ಲೆಂಡಿನ ಅಡ್ಡಹೆಸರು ಇಳಿಯುವ ದಾರಿಯೂ ಅದೇ. ಆದ್ದರಿಂದ ಒಂದೇ ಅಡ್ಡಹೆಸರಿನ, ಪರಸ್ಪರ ಬಂಧುಗಳೆಂದು ಗೊತ್ತಿಲ್ಲದ ಇಬ್ಬರು ಗಂಡಸರ ವೈ ವರ್ಣತಂತುಗಳು ಹೋಲಿದರೆ, ಹೆಸರು ನೆಲೆಗೊಂಡ ಕಾಲದ ಒಬ್ಬನೇ ಪೂರ್ವಜನಿಂದ ಇಬ್ಬರೂ ಬಂದವರೆನ್ನಬಹುದು. 2006ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ 150 ಅಡ್ಡಹೆಸರುಗಳಿಂದ ಇಬ್ಬಿಬ್ಬರನ್ನು ಪರೀಕ್ಷಿಸಿದಾಗ, ಶೇ 24ರಷ್ಟು ಜೋಡಿಗಳಲ್ಲಿ ಇಂಥ ಸಮಾನ ಪೂರ್ವಜನ ಗುರುತು ಸಿಕ್ಕಿತು. ಹೆಸರು ಅಪರೂಪದ್ದಾದರೆ ಆ ಸಾಧ್ಯತೆ ಶೇ 50ರ ಹತ್ತಿರಕ್ಕೆ ಏರಿತು. 2009ರ ಅಧ್ಯಯನ ಇನ್ನೂ ಆಳವಾದದ್ದು: 40 ಅಡ್ಡಹೆಸರುಗಳು, 1,600ಕ್ಕೂ ಹೆಚ್ಚು ಗಂಡಸರು. ಸ್ಮಿತ್ ಹೆಸರಿನವರ ನಡುವಣ ಹೋಲಿಕೆ, ಬೀದಿಯಲ್ಲಿ ಹೋಗುವ ಯಾರೋ ಇಬ್ಬರ ನಡುವಣ ಹೋಲಿಕೆಗಿಂತ ಹೆಚ್ಚಿರಲಿಲ್ಲ. ಅಟೆನ್‌ಬರೊ ಹೆಸರಿನವರಲ್ಲಾದರೋ ಶೇ 70ಕ್ಕೂ ಹೆಚ್ಚು ಮಂದಿಯ ವೈ ವರ್ಣತಂತು ಒಂದೇ ಅಥವಾ ಬಹುತೇಕ ಒಂದೇ ಆಗಿತ್ತು. ಭೂಗೋಳ ಹೇಳಿದ್ದನ್ನು ರಕ್ತವೂ ಹೇಳಿತು: ಇದು ಒಂದು ಜಾಗದ, ಹೆಚ್ಚುಕಡಿಮೆ ಒಂದು ವಂಶದ ಹೆಸರು.

ಈ ಫಲಿತಾಂಶವನ್ನು ಓದುವಾಗ ಎರಡು ಕಡೆ ಎಚ್ಚರ ಬೇಕು. ಉಳಿದ ಶೇ 30ರ ಒಳಗಿನವರು ನಕಲಿ ಅಟೆನ್‌ಬರೊಗಳಲ್ಲ. ದತ್ತು ಬಂದವರು, ತಾಯಿಯ ಹೆಸರನ್ನು ಪಡೆದ ಮಕ್ಕಳು, ಮಲತಂದೆಯ ಹೆಸರಿನಲ್ಲಿ ಬೆಳೆದವರು, ವಿವಾಹದಾಚೆಗೆ ಹುಟ್ಟಿದವರು, ಹೀಗೆ ಹೆಸರು ಮತ್ತು ವರ್ಣತಂತುವಿನ ದಾರಿ ಬೇರೆಯಾಗಲು ಹಲವು ಕಾರಣಗಳಿವೆ. ಪ್ರತಿ ತಲೆಮಾರಿನಲ್ಲಿ ಇಂಥದ್ದು ಶೇ 1.5ರಷ್ಟು ನಡೆಯುತ್ತದೆ ಎಂದು ಇಟ್ಟುಕೊಂಡರೂ, 20 ತಲೆಮಾರು ಕಳೆಯುವಷ್ಟರಲ್ಲಿ ಮೂಲದ ವರ್ಣತಂತುವನ್ನು ಉಳಿಸಿಕೊಂಡವರು ಶೇ 74ಕ್ಕೆ ಇಳಿಯುತ್ತಾರೆ. ಅಂದರೆ ಆರೇಳು ನೂರು ವರ್ಷದ ಹೆಸರಿನಲ್ಲಿ ಶೇ 70 ಎಂಬುದು ಬಹಳ ಗಟ್ಟಿಯಾದ ಮುಂದುವರಿಕೆ.

ಎರಡನೆಯ ಎಚ್ಚರ ಇನ್ನೂ ಮುಖ್ಯ. ಬಹುಪಾಲು ಜನ ಒಬ್ಬನೇ ಪೂರ್ವಜನಿಂದ ಬಂದವರು ಎಂದಾಕ್ಷಣ, ಆ ಹೆಸರನ್ನು ಮೊದಲು ಪಡೆದವನೂ ಒಬ್ಬನೇ ಎಂದು ಹೇಳಲಾಗದು. ಊರು ಬಿಟ್ಟ ಐವರಿಗೆ ಬೇರೆಬೇರೆ ಕಡೆ ಅಟೆನ್‌ಬರೊ ಎಂಬ ಹೆಸರು ಅಂಟಿ, ಕಾಲಕ್ರಮದಲ್ಲಿ ನಾಲ್ವರ ಗಂಡು ಸಂತಾನ ನಿಂತುಹೋಗಿ, ಒಬ್ಬನದು ಮಾತ್ರ ಉಳಿದಿರಬಹುದು. ಇದು ಬರಿಯ ಊಹೆಯಲ್ಲ, ಗಣಿತದ ಬೆಂಬಲವಿರುವ ಸಂಗತಿ. ಇಂಗ್ಲೆಂಡಿನ ಗಣ್ಯ ಮನೆತನಗಳ ಹೆಸರುಗಳು ಏಕೆ ಅಳಿದುಹೋಗುತ್ತಿವೆ ಎಂದು ಯೋಚಿಸಿದ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಅದನ್ನು ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಿಲಿಯಂ ವಾಟ್ಸನ್ ಅದನ್ನು ಬಿಡಿಸಲು ಹೊರಟರು. ಎಲ್ಲ ಹೆಸರುಗಳೂ ಕೊನೆಗೆ ಅಳಿಯಲೇಬೇಕೆಂಬ ವಾಟ್ಸನ್ ಅವರ ತೀರ್ಮಾನ ತಪ್ಪಾಗಿತ್ತು, ಜನಸಂಖ್ಯೆ ಬೆಳೆಯುತ್ತಿರುವಾಗ ಉಳಿಯುವ ಅವಕಾಶವಿದೆಯೆಂದು ಮುಂದಿನವರು ತೋರಿಸಿದರು. ಆದರೆ ಅವರು ಕಟ್ಟಿದ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಅದರ ಲೆಕ್ಕವನ್ನು ಇಲ್ಲೇ ಮಾಡಿ ನೋಡಬಹುದು. 1350ರ ಸುಮಾರಿಗೆ ತಲಾ ಒಂದೊಂದು ಬೇರೆ ಅಡ್ಡಹೆಸರುಳ್ಳ 100 ಮಂದಿ ಗಂಡಸರಿದ್ದಾರೆ ಎಂದುಕೊಳ್ಳೋಣ. ಜನಸಂಖ್ಯೆ ಏರದೆ ಇಳಿಯದೆ, ಪ್ರತಿ ಗಂಡಸಿಗೆ ಸರಾಸರಿ ಒಬ್ಬ ಮಗ ಬೆಳೆದು ಸಂಸಾರಸ್ಥನಾಗುತ್ತಾನೆ. ಆದರೆ ಸರಾಸರಿ ಒಂದು ಎಂದರೆ ಕೆಲವರಿಗೆ ಮೂವರು, ಕೆಲವರಿಗೆ ಒಬ್ಬನೂ ಇಲ್ಲ. ಮಕ್ಕಳ ಸಂಖ್ಯೆ ಕೇವಲ ಆಕಸ್ಮಿಕಕ್ಕೆ ಬಿಟ್ಟದ್ದಾದರೆ, ಮೊದಲ ತಲೆಮಾರಿನಲ್ಲೇ ಸುಮಾರು 37 ಹೆಸರುಗಳು ಕಾಣೆಯಾಗುತ್ತವೆ. ಎರಡನೆಯ ತಲೆಮಾರಿಗೆ 53, ಐದನೆಯದಕ್ಕೆ 73, ಹತ್ತನೆಯದಕ್ಕೆ 84. ಇಪ್ಪತ್ತನೆಯ ತಲೆಮಾರಿಗೆ, ಅಂದರೆ ಹೆಚ್ಚುಕಡಿಮೆ ನಮ್ಮ ಕಾಲಕ್ಕೆ, ಹತ್ತಕ್ಕಿಂತ ಕಡಿಮೆ ಹೆಸರುಗಳು ಉಳಿದಿರುತ್ತವೆ, ಮತ್ತು ಆ ನೂರು ಜನರಿದ್ದ ಜಾಗವನ್ನೆಲ್ಲ ಅವೇ ತುಂಬಿಕೊಂಡಿರುತ್ತವೆ. ಇದಕ್ಕೆ 1348–49ರ ಮಹಾಮಾರಿಯನ್ನು ಸೇರಿಸಿ ನೋಡಬೇಕು. ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಕೊಂದ ಆ ಪ್ಲೇಗು, ಅಡ್ಡಹೆಸರುಗಳು ಬೇರುಬಿಡುತ್ತಿದ್ದ ಹೊತ್ತಿನಲ್ಲೇ ಬಂದದ್ದು. ಉಳಿದ ಹೆಸರು ಉಳಿದದ್ದು ಯೋಗ್ಯತೆಯಿಂದಲ್ಲ, ಅಳಿದದ್ದು ಅಯೋಗ್ಯತೆಯಿಂದಲೂ ಅಲ್ಲ. ಅಪರೂಪದ ಹೆಸರನ್ನು ಕುಲೀನತೆಯ ಗುರುತೆಂದು ಮಾರುವವರ ಮಾತಿಗೆ ಈ ಲೆಕ್ಕದಲ್ಲಿ ಯಾವ ಆಧಾರವೂ ಇಲ್ಲ.

ರಕ್ತಶುದ್ಧಿಯ ಮಾತಿಗೂ ಆಧಾರವಿಲ್ಲ ಎಂಬುದನ್ನು ಲೆಸ್ಟರ್‌ನ ಅದೇ ಸಂಶೋಧಕರು 2007ರಲ್ಲಿ ತೋರಿಸಿದರು. ಪೂರ್ವ ಯಾರ್ಕ್‌ಶೈರ್‌ನ ಒಂದು ಅಪರೂಪದ ಅಡ್ಡಹೆಸರಿನ ಬಿಳಿಯ ಇಂಗ್ಲಿಷ್ ಗಂಡಸಿನಲ್ಲಿ, ಪಶ್ಚಿಮ ಆಫ್ರಿಕದ ಹೊರಗೆ ಬಹುತೇಕ ಕಾಣದ ಎ1 ಎಂಬ ವೈ ವರ್ಣತಂತುವಿನ ಬಗೆ ಸಿಕ್ಕಿತು. ಅದೇ ಹೆಸರಿನ 18 ಮಂದಿಯನ್ನು ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಅದು ಇತ್ತು. ದಾಖಲೆಗಳ ಪ್ರಕಾರ ಅವರ ವಂಶಾವಳಿ 18ನೇ ಶತಮಾನದ ಯಾರ್ಕ್‌ಶೈರ್‌ವರೆಗೆ ಹೋಗುತ್ತದೆ, ಆಫ್ರಿಕದ ನೆನಪು ಆ ಮನೆಗಳಲ್ಲಿ ಯಾರಿಗೂ ಇರಲಿಲ್ಲ. ಇದೇ ಟೂರಿ ಕಿಂಗ್ ಮುಂದೆ, 2012ರಲ್ಲಿ ಲೆಸ್ಟರ್‌ನ ವಾಹನ ನಿಲುಗಡೆಯ ಜಾಗದಡಿ ಸಿಕ್ಕ ಮೂರನೇ ರಿಚರ್ಡ್ ದೊರೆಯ ಅಸ್ಥಿಗಳ ಡಿಎನ್‌ಎ ಪರೀಕ್ಷೆ ನಡೆಸಿದರು. ತಾಯಿಯ ಕಡೆಯ ವಂಶಜರ ಡಿಎನ್‌ಎ ಹೊಂದಿತು. ಗಂಡು ವಂಶಾವಳಿಯ ಪ್ರಕಾರ ಹೊಂದಲೇಬೇಕಿದ್ದ ವೈ ವರ್ಣತಂತು ಹೊಂದಲಿಲ್ಲ. ದೇಶದಲ್ಲೇ ಅತ್ಯಂತ ಕಟ್ಟುನಿಟ್ಟಾಗಿ ಬರೆದಿಟ್ಟ ರಾಜಮನೆತನದ ವಂಶವೃಕ್ಷದಲ್ಲಿ ಎಲ್ಲೋ ಒಂದು ಕಡೆ ಕಾಗದದ ತಂದೆಯೂ ನಿಜವಾದ ತಂದೆಯೂ ಬೇರೆಯಾಗಿದ್ದರು.

ಜನಪ್ರಿಯತೆಯ ವಿಷಯಕ್ಕೆ ಬಂದರೆ, ಅಡ್ಡಹೆಸರಿನ ಖ್ಯಾತಿಗೂ ಸಂಖ್ಯೆಗೂ ಸಂಬಂಧವಿಲ್ಲ ಎಂಬುದಕ್ಕೆ ಅಟೆನ್‌ಬರೊಗಿಂತ ಒಳ್ಳೆಯ ಉದಾಹರಣೆ ಸಿಗದು. 19ನೇ ಶತಮಾನದ ಲಂಡನ್ನಿನಲ್ಲಿ ಈ ಹೆಸರು ಜನರಿಗೆ ಗೊತ್ತಿದ್ದದ್ದು ಗಿರವಿ ಅಂಗಡಿಗಳ ಬೋರ್ಡಿನ ಮೇಲೆ. ಆ ಕುಟುಂಬದವರು ನಗರದ ಹಲವೆಡೆ ಆ ವ್ಯವಹಾರ ನಡೆಸುತ್ತಿದ್ದರು. 20ನೇ ಶತಮಾನದಲ್ಲಿ ಇಬ್ಬರು ಸೋದರರು ಅದನ್ನು ಜಗತ್ತಿಗೆ ಮುಟ್ಟಿಸಿದರು. ಗಂಡು ಮಕ್ಕಳ ಮೂಲಕ ನಿಧಾನವಾಗಿ ಹರಿಯಬೇಕಾದ ಹೆಸರು ಈಗ ಜೀವಶಾಸ್ತ್ರದ ನಾಮಕರಣದ ಮೂಲಕ ಹರಡುತ್ತಿದೆ. ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದ ಬೆಟ್ಟದಲ್ಲಿ ಸಿಕ್ಕ ದೊಡ್ಡ ಹೂಜಿಗಿಡಕ್ಕೆ 2009ರಲ್ಲಿ ನೆಪೆಂಥೀಸ್ ಅಟೆನ್‌ಬರೋಯಿ ಎಂದು ಹೆಸರಿಟ್ಟರು. ಕೇರಳದ ಕರಾವಳಿಯಲ್ಲಿ ಕಂಡ, ಗಂಟಲ ಚರ್ಮವನ್ನು ಬೀಸಣಿಗೆಯಂತೆ ಅರಳಿಸುವ ಓತಿಕೇತಕ್ಕೆ 2018ರಲ್ಲಿ ಸಿಟಾನಾ ಅಟೆನ್‌ಬರೋಯಿ ಎಂದಾಯಿತು. ಇಂಡೊನೇಷ್ಯದ ಪಾಪುವಾದಲ್ಲಿ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದಿದ್ದ, ಇದೇ ಹೆಸರಿನ ಉದ್ದಮೂತಿಯ ಎಕಿಡ್ನಾ ಎಂಬ ಮುಳ್ಳುಮೈಯ ಪ್ರಾಣಿ 2023ರಲ್ಲಿ ಕ್ಯಾಮೆರಾ ಬಲೆಯಲ್ಲಿ ಸೆರೆಯಾಯಿತು. ಧ್ರುವಪ್ರದೇಶದ ಬ್ರಿಟಿಷ್ ಸಂಶೋಧನಾ ಹಡಗಿಗೂ ಅದೇ ಹೆಸರು. ಅದ್ದ ಎಂಬವನ ಕೋಟೆ ಇಷ್ಟು ದೂರ ಸಾಗಿಬಂದಿದೆ, ಆದರೂ ಬ್ರಿಟನ್ನಿನಲ್ಲಿ ಅಟೆನ್‌ಬರೊ ಎಂದು ಸಹಿ ಹಾಕುವವರ ಸಂಖ್ಯೆ ಇದರಿಂದ ಒಂದಿಷ್ಟೂ ಹೆಚ್ಚಿಲ್ಲ.

ಇಂಥ ಹೆಸರುಗಳು ಇನ್ನು ಮುಂದೆ ಉಳಿಯುವವೇ ಎಂಬ ಚಿಂತೆ ಬ್ರಿಟನ್ನಿನ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ, ಅಳಿವಿನ ಅಂಚಿನ ಹೆಸರುಗಳ ಪಟ್ಟಿಗಳೂ ಜೊತೆಗೆ ಬರುತ್ತವೆ. ಅವುಗಳಲ್ಲಿ ಎಲ್ಲವನ್ನೂ ನಂಬಲಾಗದು. ಹಳೆಯ ಗಣತಿಯ ಕೈಬರಹವನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ, ಎಂದೂ ಇಲ್ಲದಿದ್ದ ಹೆಸರುಗಳು ಕೂಡ ‘ಅಳಿದವು’ ಎಂದು ಪಟ್ಟಿಗೆ ಸೇರಿಬಿಡುತ್ತವೆ. ವಾಸ್ತವದಲ್ಲಿ ಇಂಗ್ಲೆಂಡಿನ ಕಾನೂನು ಇಲ್ಲಿ ಬಹಳ ಉದಾರವಾದದ್ದು. ಮದುವೆಯಾದ ಹೆಂಗಸು ಗಂಡನ ಹೆಸರನ್ನು ತೆಗೆದುಕೊಳ್ಳುವುದು ರೂಢಿಯೇ ಹೊರತು ಕಡ್ಡಾಯವಲ್ಲ, ಮಗುವಿಗೆ ತಾಯಿಯ ಹೆಸರನ್ನಿಡಬಹುದು, ಎರಡನ್ನೂ ಜೋಡಿಸಬಹುದು, ಡೀಡ್ ಪೋಲ್ ಎಂಬ ಸರಳ ಪತ್ರದ ಮೂಲಕ ವಯಸ್ಕರು ಹೆಸರನ್ನೇ ಬದಲಿಸಿಕೊಳ್ಳಬಹುದು. ಗಾಲ್ಟನ್ನರ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ. ಹೆಣ್ಣುಮಕ್ಕಳೂ ಹೆಸರನ್ನು ದಾಟಿಸತೊಡಗಿದರೆ ಅಪರೂಪದ ಹೆಸರು ಉಳಿಯುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ; ಜೊತೆಗೆ ಹೆಸರಿಗೂ ವೈ ವರ್ಣತಂತುವಿಗೂ ಇದ್ದ ನಂಟು ಕಳಚುತ್ತದೆ. ಇತಿಹಾಸಕಾರರಿಗೆ ಅದು ನಷ್ಟವೆನಿಸಿದರೂ ಆ ಬದಲಾವಣೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ, ಮತ್ತು ಆ ನಂಟು ಕಳಚುವುದರಿಂದ ಒಂದು ರಕ್ಷಣೆಯೂ ಇದೆ.

ಏಕೆಂದರೆ ಇತಿಹಾಸಕಾರನಿಗೆ ವರವಾದ ಆ ಹೊಂದಾಣಿಕೆಯೇ ಬದುಕಿರುವವರ ಗುಟ್ಟನ್ನು ರಟ್ಟು ಮಾಡಬಲ್ಲದು. ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಗಂಡಸಿನ ಡಿಎನ್‌ಎಯಿಂದ ಅವನ ಅಡ್ಡಹೆಸರನ್ನು ಊಹಿಸಿ, ಶಂಕಿತರ ಪಟ್ಟಿಯನ್ನು ಕಿರಿದಾಗಿಸಬಹುದೆಂದು ಲೆಸ್ಟರ್‌ನ ಸಂಶೋಧಕರು 2006ರಲ್ಲೇ ಸೂಚಿಸಿದ್ದರು. ಸ್ಮಿತ್ ಆಗಿದ್ದರೆ ಈ ವಿಧಾನ ನಡೆಯದು, ಅಟೆನ್‌ಬರೊ ಆಗಿದ್ದರೆ ನಡೆಯುತ್ತದೆ. 2013ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ ಯಾನಿವ್ ಎರ್ಲಿಕ್ ಅವರ ತಂಡ ಇದನ್ನು ಮಾಡಿಯೇ ತೋರಿಸಿತು. ವೈದ್ಯಕೀಯ ಸಂಶೋಧನೆಗೆಂದು ಹೆಸರು ತೆಗೆದು ಪ್ರಕಟಿಸಿದ್ದ ಡಿಎನ್‌ಎ ಮಾಹಿತಿಯಿಂದ ವೈ ವರ್ಣತಂತುವಿನ ಗುರುತುಗಳನ್ನು ಆರಿಸಿ, ವಂಶಾವಳಿ ಹುಡುಕುವವರು ಬಳಸುವ ಸಾರ್ವಜನಿಕ ತಾಣಗಳಲ್ಲಿ ಅವುಗಳಿಗೆ ಹೊಂದುವ ಅಡ್ಡಹೆಸರನ್ನು ಕಂಡುಕೊಂಡು, ವಯಸ್ಸು ಮತ್ತು ರಾಜ್ಯದ ವಿವರವನ್ನು ಜೋಡಿಸಿ, ಸುಮಾರು 50 ಮಂದಿಯ ಗುರುತನ್ನು ಅವರು ಪತ್ತೆಹಚ್ಚಿದರು. ಆ 50 ಮಂದಿಯಲ್ಲಿ ಹೆಚ್ಚಿನವರು ಯಾವ ವಂಶಾವಳಿಯ ತಾಣಕ್ಕೂ ಮಾದರಿ ಕೊಟ್ಟವರಾಗಿರಬೇಕಿರಲಿಲ್ಲ. ಅದೇ ಅಡ್ಡಹೆಸರಿನ, ಎಂದೂ ಮುಖ ನೋಡದ ದೂರದ ದಾಯಾದಿಯೊಬ್ಬ ಕುತೂಹಲಕ್ಕೆ ಕೊಟ್ಟಿದ್ದರೆ ಸಾಕಾಗಿತ್ತು.

ಈ ಅಪಾಯ ಪ್ರಯೋಗಾಲಯಕ್ಕೆ ಸೀಮಿತವಾಗಿ ಉಳಿದಿಲ್ಲ. 2023ರಲ್ಲಿ, ಎಂಜಲಿನ ಮಾದರಿಯಿಂದ ಡಿಎನ್‌ಎ ವರದಿ ಕೊಡುವ 23ಆ್ಯಂಡ್‌ಮಿ ಕಂಪನಿಯ ಜಾಲಕ್ಕೆ ಕನ್ನ ಬಿದ್ದಾಗ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತು. ಕಳ್ಳರು ನೇರವಾಗಿ ನುಗ್ಗಿದ್ದು ಸುಮಾರು 14 ಸಾವಿರ ಖಾತೆಗಳಿಗಷ್ಟೇ. ಮಿಕ್ಕ ಬಹುಪಾಲು ಮಾಹಿತಿ ‘ನಿಮ್ಮ ಡಿಎನ್‌ಎ ಬಂಧುಗಳು’ ಎಂಬ ಸೌಲಭ್ಯದ ಮೂಲಕ, ಒಬ್ಬರ ಖಾತೆಯಿಂದ ಅವರ ನೂರಾರು ಬಂಧುಗಳಿಗೆ ದಾಟಿ ಹೊರಬಿತ್ತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿತನದ ರಕ್ಷಣೆ ಕೋರಿದಾಗ, ಅದರ ಗ್ರಾಹಕರ ಅನುವಂಶೀಯ ಮಾಹಿತಿ ಕಂಪನಿಯ ಆಸ್ತಿಯ ಭಾಗವಾಗಿ ಮಾರಾಟಕ್ಕೆ ಬಂತು. ಕೊನೆಗೆ ಅದರ ಸಹಸ್ಥಾಪಕಿಯೇ ಮುನ್ನಡೆಸುವ ಲಾಭರಹಿತ ಸಂಸ್ಥೆಯೊಂದು 30.5 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. ಗ್ರಾಹಕರಿಗೆ ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು ಇತ್ತು, ಹಲವರು ಅಳಿಸಿದರು. ಆದರೆ ಅಪರೂಪದ ಅಡ್ಡಹೆಸರಿನ ಮನೆತನದಲ್ಲಿ ಒಬ್ಬ ಗಂಡಸಿನ ವೈ ವರ್ಣತಂತು ಎಂದರೆ ಅವನ ತಂದೆ, ಸೋದರರು, ದೊಡ್ಡಪ್ಪ ಚಿಕ್ಕಪ್ಪಂದಿರು ಮತ್ತು ಅವರ ಗಂಡು ಮಕ್ಕಳೆಲ್ಲರ ವೈ ವರ್ಣತಂತುವೂ ಹೌದು. ಅವರಲ್ಲಿ ಒಬ್ಬನು ಮಾದರಿಯನ್ನು ಕೊಡುವಾಗ ಉಳಿದವರ ಒಪ್ಪಿಗೆಯನ್ನು ಯಾವ ಕಂಪನಿಯ ಅರ್ಜಿಯೂ ಕೇಳುವುದಿಲ್ಲ, ಮತ್ತು ಅವನ ಮಾಹಿತಿಯನ್ನು ಅಳಿಸಿಹಾಕಿ ಎಂದು ಕೋರುವ ಹಕ್ಕು ಅವರಿಗೆ ಸಿಗುವುದೂ ಇಲ್ಲ.